ರಾಕೆಟ್ ವಿಡಿಯೊ ಎಲ್ಲರಿಗೂ ಬೇಕು, ಯುವಿಐಟಿ ಯಾರಿಗೆ ಗೊತ್ತು?

2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆ ರಾಕೆಟ್‌ನ ರೆಕ್ಕೆ ವಾಹನ ನಮ್ಮ ಚಳ್ಳಕೆರೆ ಕಡೆಯ ರನ್‌ವೇಗೆ ತಾನೇ ಬಂದು ಇಳಿಯಿತಲ್ಲ, ಆಗ ಚಿತ್ರದುರ್ಗದ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಅದೇ ವಿಡಿಯೊ. ನಾನೂ ಫಾರ್ವರ್ಡ್ ಮಾಡಿದ್ದೆ. ಆದರೆ ಅದೇ ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಅನ್ನುವ ಖಗೋಳ ಉಪಗ್ರಹದ ಬಗ್ಗೆ ಕೇಳಿ ನೋಡಿ, ಫಿಸಿಕ್ಸ್ ಓದುವ ಹುಡುಗರೂ ತಲೆ ಕೆರೆದುಕೊಳ್ಳುತ್ತಾರೆ. ಅದರಲ್ಲಿ ಯುವಿಐಟಿ ಅಂತ ಅತಿನೇರಳೆ ದೂರದರ್ಶಕ ಇದೆ. ಜೋಡಿಸಿದ್ದು ಎಲ್ಲೋ ಅಲ್ಲ, ಹೊಸಕೋಟೆಯಲ್ಲಿ.

ಅತಿನೇರಳೆಯೇ ಯಾಕೆ ಅಂದರೆ, ಭಾರಿ ನಕ್ಷತ್ರಗಳು ವಿಪರೀತ ಬಿಸಿ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ, ಇವುಗಳಲ್ಲಿ ದೊಡ್ಡವು 30,000 ದಾಟುತ್ತವೆ. ಹಾಗಾಗಿ ಬೆಳಕಿನಲ್ಲಿ ಹೆಚ್ಚಿನ ಪಾಲು ಅತಿನೇರಳೆಯಲ್ಲೇ ಬರುತ್ತದೆ. ಆಯಸ್ಸು ಮಾತ್ರ ಕೆಲವೇ ದಶಲಕ್ಷ ವರ್ಷ. ಅಂದರೆ ಇವು ಕಂಡ ಕಡೆ ನಕ್ಷತ್ರಗಳು ಮೊನ್ನೆ ಮೊನ್ನೆ ಹುಟ್ಟಿವೆ ಅಂತ ಅರ್ಥ, ಬ್ರಹ್ಮಾಂಡದ ಲೆಕ್ಕದಲ್ಲಿ! ಮಾಮೂಲಿ ಫೋಟೋದಲ್ಲಿ ಹಳೆಯದು ಹೊಸದು ಎಲ್ಲ ಕಲಸಿಹೋಗಿರುತ್ತದೆ. ಅತಿನೇರಳೆಯಲ್ಲಿ ಹಳೆಯವು ಬಹುತೇಕ ಮಸುಕಾಗಿ, ಗ್ಯಾಲಕ್ಸಿಯ ಸುರುಳಿ ತೋಳುಗಳ ಉದ್ದಕ್ಕೂ ಹೊಸ ಗುಂಪುಗಳು ಎದ್ದು ಕಾಣುತ್ತವೆ. ಈ ಬೆಳಕನ್ನು ವಾತಾವರಣದ ಓಝೋನ್, ಆಮ್ಲಜನಕ ಕೆಳಗೆ ಬಿಡುವುದಿಲ್ಲ (ನಮ್ಮ ಚರ್ಮದ ಪುಣ್ಯ), ಅದಕ್ಕೇ ಮೇಲೆ ಹೋಗಬೇಕು.

ನಾಸಾದ ಅತಿನೇರಳೆ ದೂರದರ್ಶಕ ಗ್ಯಾಲೆಕ್ಸ್ 2003ರಲ್ಲೇ ಹೋಗಿತ್ತು. ಎಂ83 ಗ್ಯಾಲಕ್ಸಿಯ ಅಂಚಿನಾಚೆ, ಏನೂ ಇಲ್ಲ ಅಂದುಕೊಂಡ ಕಡೆ, ಎಳೆಯ ನಕ್ಷತ್ರಗಳನ್ನು ತೋರಿಸಿದ್ದು ಅದೇ. ಆದರೆ ಅದರ ನೋಟ ಸ್ವಲ್ಪ ಮಬ್ಬು. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಎಂ33 ಗ್ಯಾಲಕ್ಸಿಯಲ್ಲಿ ಗ್ಯಾಲೆಕ್ಸ್‌ಗೆ 65 ಜ್ಯೋತಿರ್ವರ್ಷದಷ್ಟು ಅಗಲದ ಜಾಗ ಒಂದೇ ಚುಕ್ಕೆ. ಯುವಿಐಟಿ ಹೆಚ್ಚುಕಮ್ಮಿ 20ಕ್ಕೆ ಇಳಿಯುತ್ತದೆ. ಒಂದೇ ಗುಡ್ಡೆ ಅಂತ ಕಂಡಿದ್ದು ಬಿಡಿಬಿಡಿ ಗುಂಪುಗಳಾಗಬಹುದು, ಆಗ ಪ್ರತಿಯೊಂದರ ವಯಸ್ಸು, ತೂಕ ಬೇರೆಬೇರೆ ಅಂದಾಜು ಮಾಡಬಹುದು.

ಧೂಳಿನ ತಲೆನೋವು ಇದೆ, ಸುಳ್ಳು ಹೇಳಲ್ಲ. ಎಳೆಯ ನಕ್ಷತ್ರ ಹುಟ್ಟುವುದೇ ಧೂಳಲ್ಲಿ, ಅದು ಅತಿನೇರಳೆಯನ್ನು ನುಂಗಿ ಅವಕೆಂಪಾಗಿ ಹೊರಬಿಡುತ್ತದೆ. ಎರಡನ್ನೂ ಕೂಡಿಸದಿದ್ದರೆ ಹೊಸ ನಕ್ಷತ್ರಗಳ ಲೆಕ್ಕ ಕಮ್ಮಿ ಬೀಳುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿ. ಯುವಿಐಟಿ ಡೇಟಾ ಬೆಂಗಳೂರು ಹತ್ತಿರದ ಬ್ಯಾಲಾಳುವಿನ ಇಸ್ರೋ ಸಂಗ್ರಹದಲ್ಲಿದೆ, ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುತ್ತದೆ. ಆದರೂ ನಮ್ಮ ಕಡೆ ಎಂಎಸ್ಸಿ ಪ್ರಾಜೆಕ್ಟ್ ಅಂದ್ರೆ ಸೀನಿಯರ್ ಫೈಲಿಗೆ ಹೊಸ ರಟ್ಟು! ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್ ಇದ್ದರೆ ದಾವಣಗೆರೆಯ ಹಾಸ್ಟೆಲಲ್ಲೇ ಕೂತು ಶುರು ಮಾಡಬಹುದು, ಅಲ್ವಾ? ಆಂಡ್ರೊಮಿಡಾ ಗ್ಯಾಲಕ್ಸಿಗೆ ಮೊದಲೇ ಕೈ ಹಾಕಬೇಡಿ, ಅದು ತುಂಬ ವಾಲಿಕೊಂಡಿದೆ, ತೋಳುಗಳು ಒಂದರ ಮೇಲೊಂದು ಬಿದ್ದು ಗೊಂದಲ. ಎಂ33 ತಗೊಳ್ಳಿ.