ಪರ-ವಿರೋಧ: ಕಾಯಿಲೆ ಗೊತ್ತಿದ್ದೂ ಮಕ್ಕಳನ್ನು ತಾಯಿಯ ಹತ್ತಿರ ಒಂಟಿಯಾಗಿ ಬಿಟ್ಟವರ ಮೇಲೆ ಕೇಸು ಹಾಕಬೇಕಾ?

2001ರ ಜೂನ್ 20, ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರ. ಹೆರಿಗೆಯ ನಂತರದ ತೀವ್ರ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಆಂಡ್ರಿಯಾ ಯೇಟ್ಸ್ ಎಂಬ ತಾಯಿ ತನ್ನ ಐದು ಮಕ್ಕಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದರು. ದೊಡ್ಡವನಿಗೆ 7 ವರ್ಷ, ಕೊನೆಯ ಹೆಣ್ಣುಮಗುವಿಗೆ 6 ತಿಂಗಳು. ಆಮೇಲೆ ಅವರೇ ಪೊಲೀಸರಿಗೆ ಫೋನ್ ಮಾಡಿದರು. 2002ರಲ್ಲಿ ಜೀವಾವಧಿ ಶಿಕ್ಷೆ ಆಯಿತು. 2005ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. 2006ರ ಜುಲೈನಲ್ಲಿ ಎರಡನೇ ವಿಚಾರಣೆ ಮುಗಿದಾಗ ಜ್ಯೂರಿ, ಕೃತ್ಯದ ಹೊತ್ತಿನಲ್ಲಿ ಅವರ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ, ಆದ್ದರಿಂದ ಅಪರಾಧಿಯಲ್ಲ ಎಂದಿತು. ಅಂದಿನಿಂದ ಅವರು ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದಾರೆ. ಗಂಡ ರಸ್ಟಿ ಯೇಟ್ಸ್ ಮೇಲೆ ಯಾವ ಕೇಸೂ ಬೀಳಲಿಲ್ಲ. ಬೀಳಬೇಕಿತ್ತಾ? ಇಂಥ ಮನೆಯವರನ್ನು ಕಾನೂನು ಕೇಳಬೇಕಾ? ಇಬ್ಬರನ್ನು ಬರೆಯಲು ಕೇಳಿದೆವು.

ಪರ: ಅವರಿಗೆ ಗೊತ್ತಿತ್ತು

ಆಂಡ್ರಿಯಾ ಬಗ್ಗೆ ನನ್ನ ತಕರಾರು ಏನೂ ಇಲ್ಲ. ತನ್ನೊಳಗೆ ಸೈತಾನ ಇದ್ದಾನೆ, ಮಕ್ಕಳು ಹೀಗೇ ಬೆಳೆದರೆ ನರಕಕ್ಕೆ ಹೋಗುತ್ತವೆ, ಈಗಲೇ ಸತ್ತರೆ ಉಳಿಯುತ್ತವೆ ಅಂತ ಆಕೆ ನಂಬಿದ್ದರು. ಅಂಥವರನ್ನು ಜೈಲಿಗೆ ಹಾಕಿ ಏನು ಸಾಧಿಸುತ್ತೀರಿ? ಎರಡನೇ ಜ್ಯೂರಿ ಹೇಳಿದ್ದು ಸರಿ. ನನ್ನ ಸಿಟ್ಟಿರುವುದು ಬುದ್ಧಿ ನೆಟ್ಟಗೆ ಇದ್ದವರ ಮೇಲೆ.

ರಸ್ಟಿ ಯೇಟ್ಸ್ ನಾಸಾದಲ್ಲಿ ಎಂಜಿನಿಯರ್. ಲೆಕ್ಕ ಬಾರದವರಲ್ಲ. ಅವರಿಗೆ ಏನೇನು ಗೊತ್ತಿತ್ತು ನೋಡಿ. 1999ರ ಜೂನ್‌ನಲ್ಲಿ ಹೆಂಡತಿ ಮಾತ್ರೆ ನುಂಗಿ ಸಾಯಲು ಹೋಗಿದ್ದರು. ಮುಂದಿನ ತಿಂಗಳು ಕುತ್ತಿಗೆಗೆ ಚಾಕು ಹಿಡಿದುಕೊಂಡಿದ್ದರು. ಆಸ್ಪತ್ರೆಗೆ ಸೇರಿಸಿ ಹಾಲ್ಡಾಲ್ ಅನ್ನುವ ಔಷಧಿ ಕೊಟ್ಟ ಮೇಲೆ ಚೇತರಿಸಿಕೊಂಡರು. ಆಗ ನೋಡಿಕೊಂಡ ಮನೋವೈದ್ಯೆ ಡಾ. ಐಲೀನ್ ಸ್ಟಾರ್‌ಬ್ರಾಂಚ್ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದರು: ಇನ್ನೊಂದು ಮಗು ಆದರೆ ಈ ಕಾಯಿಲೆ ಖಂಡಿತ ಮರಳುತ್ತದೆ. ಗಂಡಹೆಂಡತಿ ಕೇಳಲಿಲ್ಲ. ಔಷಧಿ ನಿಂತಿತು. 2000ದ ನವೆಂಬರ್‌ನಲ್ಲಿ ಐದನೇ ಮಗು ಹುಟ್ಟಿತು. 2001ರ ಮಾರ್ಚ್‌ನಲ್ಲಿ ಆಂಡ್ರಿಯಾ ತಂದೆ ತೀರಿಕೊಂಡರು. ಆಕೆ ಪೂರ್ತಿ ಕುಸಿದರು. ಮಗುವಿಗೆ ಹಾಲು ಕೊಡುವುದನ್ನೂ ಬಿಟ್ಟರು. ಮತ್ತೆ ಆಸ್ಪತ್ರೆ. ಮನೆಗೆ ಬಂದರು. ಮೇ 3ರಂದು ಹಾಡಹಗಲೇ ಸ್ನಾನದ ತೊಟ್ಟಿ ತುಂಬಿಸಿಟ್ಟರು. ಯಾಕಮ್ಮ ಅಂದರೆ, ಬೇಕಾಗಬಹುದು ಅಂದರು. ಮಾರನೇ ದಿನ ಮತ್ತೆ ಆಸ್ಪತ್ರೆ.

ಇಷ್ಟೂ ಗೊತ್ತಿತ್ತು. ಜೂನ್ 20ರಂದು ರಸ್ಟಿ ಒಂಬತ್ತಕ್ಕೆ ಕೆಲಸಕ್ಕೆ ಹೊರಟರು. ಅವರ ತಾಯಿ ಬರಬೇಕಿದ್ದದ್ದು ಹತ್ತಕ್ಕೆ. ಆ ಒಂದು ಗಂಟೆಯಲ್ಲಿ ಐದು ಮಕ್ಕಳೂ ಹೋದವು.

ಆ ಒಂದು ಗಂಟೆ ಕಣ್ತಪ್ಪಿ ಆದದ್ದೂ ಅಲ್ಲ. ಹೆಂಡತಿ ಪೂರ್ತಿ ತಮ್ಮ ಮೇಲೇ ಆತುಕೊಳ್ಳಬಾರದು, ಅದಕ್ಕೇ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಕ್ಕಳ ಜೊತೆ ಒಬ್ಬರನ್ನೇ ಬಿಡುತ್ತೇನೆ ಅಂತ ರಸ್ಟಿ ಕೆಲವೇ ದಿನ ಮೊದಲು ಮನೆಯವರ ಮುಂದೆ ಹೇಳಿದ್ದರು ಅಂತ ವರದಿಯಾಗಿದೆ. ಡಿಪ್ರೆಶನ್ ಇರುವವರಿಗೆ ಹಿಂದಿನಿಂದ ಒಂದು ಒದೆ ಕೊಟ್ಟರೆ ಸರಿಹೋಗುತ್ತೆ ಅನ್ನುವ ಅರ್ಥದಲ್ಲಿ ಮಾತಾಡಿದ್ದರು ಅಂತ ಆಂಡ್ರಿಯಾ ಅವರ ಅಣ್ಣ ಟಿವಿಯಲ್ಲೇ ಹೇಳಿದ್ದಾರೆ. ಕಾಯಿಲೆಯವರನ್ನು ಅಭ್ಯಾಸ ಮಾಡಿಸಲು ಬಿಟ್ಟರಂತೆ. ಆ ಅಭ್ಯಾಸಕ್ಕೆ ಐದು ಮಕ್ಕಳೇ ಬೇಕಿತ್ತಾ?

ಇದನ್ನೆಲ್ಲ ಓದುವಾಗ ನನಗೆ ನಮ್ಮ ಅಜ್ಜಿ ನೆನಪಾಗುತ್ತಾರೆ. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ಚಿಕ್ಕಮ್ಮನಿಗೆ ಎರಡನೇ ಹೆರಿಗೆಯಾದ ಮೇಲೆ ಬಾಣಂತಿ ಸನ್ನಿ ಆಯಿತು. ನಾನಾಗ ಹೈಸ್ಕೂಲು. ನಿದ್ದೆಯೇ ಇಲ್ಲ. ರಾತ್ರಿಯೆಲ್ಲ ಗೋಡೆಯ ಹತ್ತಿರ ನಿಂತು ಯಾರ ಜೊತೆಗೋ ಮಾತಾಡುವರು. ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ ಅನ್ನುವರು. ಒಂದು ಗಳಿಗೆ ಮಗುವನ್ನು ಎದೆಗೆ ಅವಚಿಕೊಳ್ಳುವರು, ಇನ್ನೊಂದು ಗಳಿಗೆ ಕಣ್ಣೆತ್ತಿಯೂ ನೋಡರು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಯಾವ ಡಾಕ್ಟರೂ ಅವರಿಗೆ ಎಚ್ಚರಿಕೆ ಹೇಳಿರಲಿಲ್ಲ. ಆದರೆ ಮೊದಲನೇ ದಿನವೇ ಈಳಿಗೆಮಣೆ, ಕುಡುಗೋಲು ಎಲ್ಲ ಅಟ್ಟಕ್ಕೆ ಹೋಯಿತು. ಬಚ್ಚಲಿನ ಹಂಡೆಗೆ ನೀರು ತುಂಬುವುದು ಸ್ನಾನದ ಹೊತ್ತಿಗೆ ಮಾತ್ರ ಅಂತಾಯಿತು. ಹಿತ್ತಲ ಬಾಗಿಲಿಗೆ ಬೀಗ, ಯಾಕೆಂದರೆ ಬಾವಿ ಇದ್ದದ್ದು ಅಲ್ಲೇ. ರಾತ್ರಿ ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗುವರು, ದೊಡ್ಡತ್ತೆ ತೊಟ್ಟಿಲ ಪಕ್ಕ. "ಅವಳ ಕೈಗೆ ಕೂಸು ಕೊಡ್ರವ್ವ, ಬೇಡ ಅನ್ನಬೇಡಿ. ಆದ್ರೆ ಕಣ್ಣು ಕೀಳಬೇಡಿ" ಅಂತ ನಮಗೆಲ್ಲ ಅಪ್ಪಣೆ. ಸ್ಕೂಲಿಂದ ಬಂದ ಮೇಲೆ ಸಂಜೆ ಪಾಳಿ ನನ್ನದು.

ಚಿಕ್ಕಪ್ಪ ಪಟ್ಟಣದ ಸೊಸೈಟಿಯಲ್ಲಿ ಗುಮಾಸ್ತರು. ರಜೆ ಕೊಡಲ್ಲ ಕಣವ್ವ ಅಂತ ಗೊಣಗಿದರು. "ಕೆಲಸ ಹೋದ್ರೆ ಇನ್ನೊಂದು ಸಿಕ್ತದೆ, ಕೂರೋ ಸುಮ್ನೆ" ಅಂದರು ಅಜ್ಜಿ. ಕೂತರು. (ಅಜ್ಜಿ ತಾಯತ ಕಟ್ಟಿಸಿದರು, ನಿಂಬೆಹಣ್ಣು ಇಳಿಸಿ ಹಾಕಿದರು, ಅದೂ ನಡೆಯಿತು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆಮೇಲೆ. ಅದನ್ನು ಮೊದಲೇ ಮಾಡಬೇಕಿತ್ತು ಅಂತ ನೀವು ಹೇಳಿದರೆ ನಾನೂ ಒಪ್ಪುತ್ತೇನೆ.) ಚಿಕ್ಕಮ್ಮ ಹುಷಾರಾದರು. ಆ ಮಗುವಿಗೆ ಈಗ ಮೊಮ್ಮಗ ಇದ್ದಾನೆ.

ಕಾಯಿಲೆ ವಾಸಿ ಮಾಡು ಅಂತ ಯಾರೂ ರಸ್ಟಿಯನ್ನು ಕೇಳುತ್ತಿಲ್ಲ. ಅದು ಡಾಕ್ಟರ ಕೆಲಸ. ಒಂಟಿಯಾಗಿ ಬಿಡಬೇಡ ಅಷ್ಟೇ. ಅದಕ್ಕೆ ಯಾವ ಓದು ಬೇಕು?

2001ರಲ್ಲಿ ನೋಡುತ್ತಿದ್ದ ಬೇರೆ ಡಾಕ್ಟರೇ ಆ ಜೂನ್‌ನಲ್ಲಿ ಔಷಧಿ ನಿಲ್ಲಿಸಿದರಲ್ಲ ಅನ್ನುತ್ತಾರೆ. ನಿಲ್ಲಿಸಲಿ. ಆ ಡಾಕ್ಟರೇ ಇಪ್ಪತ್ತನಾಲ್ಕು ಗಂಟೆಯೂ ಯಾರಾದರೂ ಜೊತೆಗಿರಿ ಅಂತ ಹೇಳಿದ್ದಾಗಿ ದಾಖಲೆ ಇದೆ. ನಾಯಿ ಕಚ್ಚುತ್ತೆ ಅಂತ ಗೊತ್ತಿದ್ದೂ ಬಿಟ್ಟವನ ಮೇಲೆ ಕೇಸು ಹಾಕುತ್ತೇವೆ. ಬಿಸಿಲಲ್ಲಿ ಕಾರಿನೊಳಗೆ ಮಗು ಬಿಟ್ಟು ಅಂಗಡಿಗೆ ಹೋದ ತಾಯಿಯ ಮೇಲೂ ಟೆಕ್ಸಾಸ್‌ನಲ್ಲಿ ಕೇಸು ಬೀಳುತ್ತದೆ. ಮಗುವನ್ನು ಅಪಾಯಕ್ಕೆ ಒಡ್ಡುವುದು ಅಲ್ಲಿ ಅಪರಾಧ. ನಮ್ಮಲ್ಲೂ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ: ಮಗುವಿನ ಹೊಣೆ ಹೊತ್ತವರು ಬೇಕೆಂದೇ ಅಲಕ್ಷ್ಯ ಮಾಡಿದರೆ 3 ವರ್ಷದವರೆಗೂ ಜೈಲು. ಹೊಸ ಕಾನೂನು ಬೇಕಾಗಿಯೇ ಇಲ್ಲ. ಇರುವುದನ್ನು ಗಂಡಂದಿರಿಗೂ ಹಾಕಿ ಅಂತ ಕೇಳುತ್ತಿದ್ದೇನೆ. ಜೀವಾವಧಿ ಕೊಡಿ ಅಂತಲೂ ಹೇಳುತ್ತಿಲ್ಲ. ಕಟಕಟೆಯಲ್ಲಿ ನಿಲ್ಲಿಸಿ, ಆ ಬೆಳಿಗ್ಗೆ ಒಂಬತ್ತಕ್ಕೆ ಯಾಕೆ ಹೊರಟಿರಿ ಅಂತ ಪ್ರಮಾಣದ ಮೇಲೆ ಕೇಳಿ. ಐದು ಮಕ್ಕಳ ತಾಯಿಯನ್ನು ಎರಡು ಸಲ ನಿಲ್ಲಿಸಿ ವಿಚಾರಣೆ ಮಾಡಿದರು. ತಂದೆಯನ್ನು ಒಂದು ಸಲವೂ ಆರೋಪಿಯಾಗಿ ನಿಲ್ಲಿಸಲಿಲ್ಲ.

ವಿರೋಧ: ಕೇಸಿನ ಭಯ ಬಾಯಿ ಮುಚ್ಚಿಸುತ್ತದೆ

ಈ ಪಕ್ಷವನ್ನು ನನಗೆ ವಹಿಸಿದ್ದಾರೆ. ವಕೀಲನಿಗೆ ಅದೇನೂ ಹೊಸದಲ್ಲ. ರಸ್ಟಿ ಯೇಟ್ಸ್ ಒಳ್ಳೆಯ ಗಂಡ ಅಂತ ವಾದಿಸಲು ಮಾತ್ರ ಹೇಳಬೇಡಿ.

ಮೊದಲು ಔಷಧಿಯ ವಿಷಯ. ಹಾಲ್ಡಾಲ್‌ನಿಂದ ಆಕೆ ಹಿಂದೆ ಸುಧಾರಿಸಿದ್ದರು. 2001ರ ಜೂನ್ ಮೊದಲ ವಾರದಲ್ಲಿ ಅದನ್ನು ನಿಲ್ಲಿಸಿದ್ದು ಡಾಕ್ಟರು, ಗಂಡ ಅಲ್ಲ. ಜೂನ್ 18ಕ್ಕೆ, ಅಂದರೆ ಎರಡೇ ದಿನ ಮೊದಲು, ಗಂಡ ಆಕೆಯನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಹುಷಾರಾಗುತ್ತಿಲ್ಲ ಅಂತ ಹೇಳಿದರು. ಆದರೂ ಹಾಲ್ಡಾಲ್ ಮತ್ತೆ ಶುರುವಾಗಲಿಲ್ಲ. ಹೆಂಡತಿಗೆ ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದಂಥ ಕಾಯಿಲೆ ಇದೆ, ಮಕ್ಕಳಿಗೆ ಅಪಾಯ ಇದೆ ಅಂತ ತನಗೆ ಯಾರೂ ಹೇಳಲಿಲ್ಲ ಅನ್ನುವುದು ರಸ್ಟಿಯ ವಾದ. ಡಾಕ್ಟರು ಬೇರೆ ಹೇಳುತ್ತಾರೆ. ಓದಿದ ಮನೋವೈದ್ಯರಿಗೇ ಕಾಣದ ಅಪಾಯವನ್ನು ಎಂಜಿನಿಯರ್ ಕಾಣಬೇಕಿತ್ತು ಅನ್ನುವುದು ಯಾವ ನ್ಯಾಯ? ತೊಟ್ಟಿ ತುಂಬಿಸಿಟ್ಟ ವಿಷಯವನ್ನು ಎದುರು ಪಕ್ಷದವರು ಎತ್ತುತ್ತಾರೆ, ಗೊತ್ತು.

ಮುಖ್ಯ ಮಾತು ಬೇರೆ ಇದೆ. ಮನೆಯವರಿಗೆ ಕೇಸಿನ ಭಯ ಹುಟ್ಟಿಸಿದರೆ ಅವರು ಮೊದಲು ಮಾಡುವ ಕೆಲಸ ಕಾಯಿಲೆ ಮುಚ್ಚಿಡುವುದು. ಊಹೆಯಿಂದ ಹೇಳುತ್ತಿಲ್ಲ. ಆತ್ಮಹತ್ಯೆಗೆ ಯತ್ನಿಸುವುದು ಐಪಿಸಿ 309ರಲ್ಲಿ ಅಪರಾಧ ಆಗಿದ್ದಾಗ ಏನಾಗುತ್ತಿತ್ತು? ನನ್ನ ಕಕ್ಷಿದಾರರೊಬ್ಬರ ಹೆಂಡತಿ ಬೆಳೆಗೆ ಹೊಡೆಯುವ ಔಷಧಿ ಕುಡಿದರು. ಬಾಣಂತಿ, ಮಗುವಿಗೆ ಇನ್ನೂ ನಾಮಕರಣ ಆಗಿರಲಿಲ್ಲ. ಪೊಲೀಸ್ ಕೇಸು ಆಗುತ್ತೆ ಅಂತ ಹೆದರಿ ಮನೆಯವರೆಲ್ಲ ಸೇರಿ ಒಂದೇ ಮಾತು ಹೇಳಿದರು: ಕೆಮ್ಮಿನ ಸಿರಪ್ ಅಂದುಕೊಂಡು ಕತ್ತಲಲ್ಲಿ ಕುಡಿದುಬಿಟ್ಟಳು. ಡಾಕ್ಟರು ಹೊಟ್ಟೆ ತೊಳೆದು ಮನೆಗೆ ಕಳಿಸಿದರು. ಮನೋವೈದ್ಯರಿಗೆ ತೋರಿಸಿ ಅಂತ ಯಾರು ಹೇಳಬೇಕು, ಕಾರಣವೇ ಗೊತ್ತಿಲ್ಲದ ಮೇಲೆ? ಆ ಗಂಡ ನನ್ನ ಹತ್ತಿರ ಬಂದದ್ದು ಎರಡನೇ ಸಲ ಆದ ಮೇಲೆ. ಆಗಲೂ ಕೇಳಿದ್ದು ಒಂದೇ ಪ್ರಶ್ನೆ, "ಸಾರ್, ನನ್ನ ಮೇಲೆ ಏನಾದ್ರೂ ಬರುತ್ತಾ?" ಹೆಂಡತಿ ಹೇಗಿದ್ದಾರೆ ಅಂತ ನಾನೇ ಕೇಳಬೇಕಾಯಿತು. ಕೆಟ್ಟವನಲ್ಲ. ಬೆವೆತು ಹೋಗಿದ್ದ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಕಲಂ ಆ ಭಯವನ್ನು ತಗ್ಗಿಸಲೆಂದೇ ಬಂತು. ಸಾಯಲು ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತ ಭಾವಿಸಬೇಕು, ಶಿಕ್ಷಿಸಬಾರದು ಅಂತ ಅದು ಹೇಳುತ್ತದೆ. ಅದೇ ಭಯವನ್ನು ಈಗ ಮನೆಯವರ ತಲೆಗೆ ಕಟ್ಟಬೇಕಾ?

ಮನೆಯವರು ಅಂದರೆ ಯಾರು ಅನ್ನುವುದೂ ಹೇಳಿ. ರಸ್ಟಿಯ ತಾಯಿ ಟೆನೆಸಿಯಿಂದ ಬಂದು ದಿನಾ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಹತ್ತಕ್ಕೆ ಬದಲು ಒಂಬತ್ತಕ್ಕೆ ಬರಲಿಲ್ಲ ಅಂತ ಆ ವಯಸ್ಸಾದ ಹೆಂಗಸಿನ ಮೇಲೂ ಕೇಸು ಹಾಕೋಣವೇ? ಎದುರು ಪಕ್ಷದವರ ಲೆಕ್ಕದಲ್ಲಿ ತಾಳಿ ಕಟ್ಟಿದ ಪ್ರತಿಯೊಬ್ಬನೂ ಅರ್ಧ ಮನೋವೈದ್ಯ, ಅರ್ಧ ಜೈಲು ವಾರ್ಡನ್ ಆಗಬೇಕು. ನಮ್ಮಲ್ಲಿ ಬಾಣಂತನಕ್ಕೆ ತವರಿದೆ, ಅಜ್ಜಿಯರಿದ್ದಾರೆ. ಹ್ಯೂಸ್ಟನ್‌ನಲ್ಲಿ ಇದ್ದದ್ದು ಕೆಲಸಕ್ಕೆ ಹೋಗುವ ಗಂಡ, ಐದು ಮಕ್ಕಳು, ಬಂದು ಹೋಗುವ ಅತ್ತೆ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಸುಮಾರು ಅಷ್ಟೇ.

ಸರ್ಕಾರವೇ ನೋಡಿ ಸುಮ್ಮನಾದ ಉದಾಹರಣೆ ಅದೇ ರಾಜ್ಯದಲ್ಲಿದೆ. ಟೆಕ್ಸಾಸ್‌ನ ಪ್ಲೇನೋದಲ್ಲಿ ಡೀನಾ ಶ್ಲಾಸರ್ 2004ರ ನವೆಂಬರ್‌ನಲ್ಲಿ ತನ್ನ ಎಳೆ ಮಗುವನ್ನು ಕೊಂದರು. ಅದಕ್ಕೂ ಮೊದಲೇ ಮಕ್ಕಳ ರಕ್ಷಣಾ ಇಲಾಖೆ ಆ ಮನೆಯನ್ನು ತಿಂಗಳುಗಟ್ಟಲೆ ನಿಗಾದಲ್ಲಿ ಇಟ್ಟಿತ್ತು. ಇನ್ನು ಅಪಾಯವಿಲ್ಲ ಅಂತ ಫೈಲು ಮುಚ್ಚಿತು. ಆಕೆಯೂ 2006ರಲ್ಲಿ ಬುದ್ಧಿಭ್ರಮಣೆಯ ಕಾರಣಕ್ಕೆ ಅಪರಾಧಿಯಲ್ಲ ಎಂದಾಯಿತು. ಅದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವರಿಗೆ ಕಾಣದಿದ್ದದ್ದು ಮನೆಯವರಿಗೆ ಕಾಣಬೇಕಾ?

ಕೋರ್ಟುಗಳ ಮೇಲೆ ಅಷ್ಟು ಭರವಸೆ ಇಡಬೇಡಿ ಅಂತಲೂ ಹೇಳಬೇಕು. ಯೇಟ್ಸ್ ಪ್ರಕರಣದ ಮೊದಲ ತೀರ್ಪು ರದ್ದಾದದ್ದು ಹೇಗೆ ಗೊತ್ತಾ? ಸರ್ಕಾರದ ಕಡೆಯ ಮನೋವೈದ್ಯರು ಸಾಕ್ಷಿ ಹೇಳುವಾಗ ಒಂದು ಟಿವಿ ಧಾರಾವಾಹಿಯ ಕಂತಿನ ಮಾತು ತಂದರು. ಅದರಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಮುಳುಗಿಸಿ ಹುಚ್ಚಿನ ನೆಪದಲ್ಲಿ ಬಿಡುಗಡೆಯಾಗುತ್ತಾಳಂತೆ. ಅಂಥ ಕಂತೇ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂದರೆ, ಮಾಡುತ್ತಿರುವವರಿದ್ದಾರೆ. ಹೆರಿಗೆಯಾದ ಸಾವಿರ ಹೆಂಗಸರಲ್ಲಿ ಒಬ್ಬಿಬ್ಬರಿಗೆ ಈ ಸೈಕೋಸಿಸ್ ಬರುತ್ತದೆ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ವಾರ್ಡ್ ಇದೆ. ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಳ್ಳುತ್ತಾರೆ. ಟೆಕ್ಸಾಸ್ ಕೂಡ 2003ರಲ್ಲಿ ಗರ್ಭಿಣಿಯರಿಗೆ ಈ ಕಾಯಿಲೆಗಳ ಬಗ್ಗೆ, ಸಹಾಯ ಎಲ್ಲಿ ಸಿಗುತ್ತದೆ ಅನ್ನುವುದರ ಬಗ್ಗೆ ಮಾಹಿತಿ ಕೊಡಲೇಬೇಕು ಅಂತ ಕಾನೂನು ತಂದಿತು. ಜನ ಅದನ್ನು ಆಂಡ್ರಿಯಾ ಹೆಸರಿನಿಂದಲೇ ಕರೆದರು.

ಕೊನೆಗೆ ಕಲಂ 75. ಅದರಲ್ಲಿ 'ಬೇಕೆಂದೇ' ಅಂತ ಇದೆ. ಮರೆವು, ಮೊದ್ದುತನ, ಹೆಂಡತಿ ಸುಧಾರಿಸುತ್ತಾಳೆ ಅನ್ನುವ ಆಸೆ, ಇವು ಬೇಕೆಂದೇ ಮಾಡಿದ್ದರ ಲೆಕ್ಕಕ್ಕೆ ಬರುವುದು ಕಷ್ಟ. ಅಂಥ ಕೇಸು ನನ್ನ ಕೈಗೆ ಬಂದರೆ ಆರೋಪಿಯ ಪರ ಗೆಲ್ಲುತ್ತೇನೆ ಅನ್ನುವ ನಂಬಿಕೆ ನನಗಿದೆ. ಗೆದ್ದು ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡುತ್ತೇನಾ ಅನ್ನುವುದು ಇಲ್ಲಿ ಕೇಳಿರುವ ಪ್ರಶ್ನೆ ಅಲ್ಲ.