ಕಡಿಮೆ ಬಜೆಟ್ಟಿನ ಸಲಿಂಗಪ್ರೇಮದ ಸಿನಿಮಾಗಳಿಗೆ ನೋಡುಗರು ರಿಯಾಯಿತಿ ತೋರಬೇಕೇ?

ಪರ: ತೋರಲೇಬೇಕು

ಅಂಥದ್ದೊಂದು ಸಿನಿಮಾವನ್ನು ನಾನು ಮೊದಲು ನೋಡಿದ್ದು ಹಾಸ್ಟೆಲಿನ ಮಂಚದ ಮೇಲೆ, ತಲೆಯವರೆಗೂ ಹೊದ್ದುಕೊಂಡು, ಮೊಬೈಲಿನ ಬೆಳಕನ್ನು ಆದಷ್ಟು ತಗ್ಗಿಸಿ. ಕೋಣೆಯಲ್ಲಿ ಇನ್ನೂ ಮೂವರು ಮಲಗಿದ್ದರು. ಇಪ್ಪತ್ತೈದು ನಿಮಿಷದ ಕಿರುಚಿತ್ರ ಅದು. ಇಬ್ಬರು ಹುಡುಗರು ಬಸ್ ನಿಲ್ದಾಣದಲ್ಲಿ ಮಾತನಾಡುತ್ತಾರೆ. ಗಾಳಿ ಮೈಕಿಗೆ ಬಡಿದು ಅರ್ಧ ಮಾತು ಕೇಳಿಸುವುದೇ ಇಲ್ಲ. ಒಬ್ಬನ ಅಂಗಿಯ ಗುಂಡಿ ಒಂದು ಶಾಟಿನಲ್ಲಿ ಹಾಕಿದೆ, ಮುಂದಿನ ಶಾಟಿನಲ್ಲಿ ಬಿಚ್ಚಿದೆ. ಇದೆಲ್ಲ ನನಗೆ ಆಗಲೂ ಕಂಡಿತ್ತು. ಆದರೆ ಅವನು ಗೆಳೆಯನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಬಸ್ ಬಂದು ನಿಂತರೂ ಅದನ್ನು ಕೊಡದೆ ನಿಂತಿದ್ದನಲ್ಲ, ಆ ತುಣುಕನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಆಗ ನನಗೆ ಹತ್ತೊಂಬತ್ತು ವರ್ಷ. ಅಷ್ಟು ಹೊತ್ತಿಗೆ ನೂರಾರು ಪ್ರೇಮಕಥೆಗಳನ್ನು ನೋಡಿ ಮುಗಿಸಿದ್ದೆ. ನನಗೂ ಒದಗಬಹುದಾದ ಪ್ರೇಮವನ್ನು ಕಂಡದ್ದು ಆ ರಾತ್ರಿ.

ಕೆಲವು ವರ್ಷಗಳ ನಂತರ ಅದೇ ಚಿತ್ರವನ್ನು ಒಬ್ಬ ಗೆಳೆಯನಿಗೆ ತೋರಿಸಿದೆ. ಎಂಟನೆಯ ನಿಮಿಷಕ್ಕೆ ನಿಲ್ಲಿಸಿ, "ಇದೇನು, ಕಾಲೇಜು ಹುಡುಗರು ತೆಗೆದ ಹಾಗಿದೆಯಲ್ಲ" ಎಂದ. ಹೌದು, ಕಾಲೇಜು ಹುಡುಗರೇ ತೆಗೆದದ್ದು. ಬೇರೆ ಯಾರೂ ತೆಗೆಯಲಿಲ್ಲ.

ಯಾಕೆ ತೆಗೆಯಲಿಲ್ಲ ಎಂಬುದನ್ನು ಬದಿಗಿಟ್ಟು ಈ ಸಿನಿಮಾಗಳನ್ನು ತೂಗುವುದು ನ್ಯಾಯವಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಡುವವರೆಗೆ ನಮ್ಮ ದೇಶದಲ್ಲಿ ಈ ಪ್ರೇಮ ದಂಡಸಂಹಿತೆಯ 377ನೇ ಕಲಮಿನ ನೆರಳಿನಲ್ಲಿತ್ತು. ಅಪರಾಧವೆಂದು ಹೆಸರಾದ ಪ್ರೀತಿಯ ಮೇಲೆ ಹಣ ಹೂಡುವವರು ಎಷ್ಟು ಜನ? ಹಣ ಹೇಗೋ ಹುಟ್ಟಿತು ಎಂದುಕೊಂಡರೂ, ಹೆಸರಿರುವ ನಟ ಬೇಡವೆನ್ನುತ್ತಾನೆ. ಚಿತ್ರೀಕರಣಕ್ಕೆ ಮನೆ ಕೊಡಲು ಒಪ್ಪಿದವರು ಕಥೆ ಕೇಳಿದ ಮೇಲೆ ಬೀಗದ ಕೈ ಕೊಡುವುದಿಲ್ಲ. ಕೊನೆಗೆ ಚಿತ್ರಮಂದಿರವೂ ಸಿಗುವುದಿಲ್ಲ. ಹೀಗೆ ಬಾಗಿಲು ಬಾಗಿಲಿನಲ್ಲೂ ಕಳೆದುಕೊಂಡು ಉಳಿದದ್ದೇ ನಾವು ತೆರೆಯ ಮೇಲೆ ನೋಡುವ ಮಂಕಾದ ಬೆಳಕು, ಪಳಗದ ನಟನೆ.

ಮಂಡ್ಯದಲ್ಲಿ ಹುಟ್ಟಿದ ಶ್ರೀಧರ್ ರಂಗಾಯನ್ ಅವರ ದಾರಿಯನ್ನೇ ನೋಡಿ. 2003ರಲ್ಲಿ ಅವರು ಮಾಡಿದ 'ಗುಲಾಬಿ ಆಯ್ನಾ' ಚಿತ್ರಕ್ಕೆ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. ಅಷ್ಟಕ್ಕೇ ಕೈಚೆಲ್ಲದೆ 2010ರಲ್ಲಿ ಮುಂಬೈಯಲ್ಲಿ ಇಂಥ ಸಿನಿಮಾಗಳಿಗೆಂದೇ 'ಕಶಿಶ್' ಚಿತ್ರೋತ್ಸವವನ್ನು ಆರಂಭಿಸಿದರು. 'ಈವ್ನಿಂಗ್ ಶ್ಯಾಡೋಸ್' ಚಿತ್ರಕ್ಕೆ ಜನರ ಬಳಿ ಚಂದಾ ಎತ್ತಿದರು. ಅದರ ಚಿತ್ರೀಕರಣ ನಡೆದದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ಮಗ ತಾನು ಗೇ ಎಂದು ಅಮ್ಮನಿಗೆ ಹೇಳುತ್ತಾನೆ. ಮುಂದಿನದೆಲ್ಲ ಆ ಅಮ್ಮನ ಕಥೆ. ಸಂಪ್ರದಾಯಸ್ಥ ಮನೆ, ಎಲ್ಲವನ್ನೂ ತಾನೇ ತೀರ್ಮಾನಿಸುವ ಗಂಡ, ಮಗನ ಮಾತನ್ನು ಯಾರ ಬಳಿಯೂ ಆಡಲಾಗದ ಹೆಂಗಸು. ಮೋನಾ ಅಂಬೇಗಾಂವ್ಕರ್ ಆ ಪಾತ್ರದಲ್ಲಿದ್ದಾರೆ. ಕೆಲವು ಕಡೆ ಸಂಭಾಷಣೆ ಪಾಠ ಹೇಳುವಂತಿದೆ ಎಂದು ದೂರುವವರಿದ್ದಾರೆ. ನನಗೂ ಹಾಗೆ ಅನಿಸಿದ್ದುಂಟು. ಆದರೆ ಆ ಪಾಠವನ್ನು ಯಾರೂ ಹೇಳಿಕೊಡದೆ ಇದ್ದ ಎಷ್ಟೋ ಅಮ್ಮಂದಿರು ನಮ್ಮ ಊರುಗಳಲ್ಲಿ ಇದ್ದಾರೆ ಎಂಬುದನ್ನೂ ನಾನು ಬಲ್ಲೆ.

ಕನ್ನಡದ ನೋಡುಗನಿಗೆ ಈ ರಿಯಾಯಿತಿ ಹೊಸದೇನೂ ಅಲ್ಲ. ಗದ್ದೆಬಯಲಿನ ಯಕ್ಷಗಾನದಲ್ಲಿ ಮೈಕು ಕಿರುಚುತ್ತಲೇ ಇರುತ್ತದೆ, ಟ್ಯೂಬ್‌ಲೈಟಿಗೆ ಹುಳ ಮುತ್ತುತ್ತಿರುತ್ತದೆ; ನಾವು ನೋಡುವುದು ವೇಷಧಾರಿಯ ಕಣ್ಣನ್ನು, ಕೇಳುವುದು ಅರ್ಥಗಾರಿಕೆಯನ್ನು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ 'ಸಂಸ್ಕಾರ' ಮಾಡಿದಾಗ ಖರ್ಚಾದದ್ದು ಒಂದು ಲಕ್ಷ ರೂಪಾಯಿಗೂ ಕಡಿಮೆ. ಬಹುಪಾಲು ನಟರು ಕ್ಯಾಮೆರಾದ ಮುಂದೆ ನಿಂತದ್ದು ಅದೇ ಮೊದಲು. ಸೆನ್ಸಾರ್ ಅದನ್ನೂ ಮೊದಲು ತಡೆದಿತ್ತು. ಆ ದಿನಗಳ ನೋಡುಗರು ಅದನ್ನು ಆಗಿನ ದೊಡ್ಡ ಚಿತ್ರಗಳ ಥಳುಕಿನೊಂದಿಗೆ ಹೋಲಿಸುತ್ತ ಕೂತಿದ್ದರೆ, ಕನ್ನಡದ ಹೊಸ ಅಲೆ ಅಲ್ಲಿಗೇ ನಿಂತುಹೋಗುತ್ತಿತ್ತೇನೋ.

ಅಮೆರಿಕದಲ್ಲೂ ಇದೇ ಕಥೆ. ಗಸ್ ವಾನ್ ಸಾಂಟ್ ತಮ್ಮ ಮೊದಲ ಚಿತ್ರ 'ಮಾಲಾ ನೋಚೆ'ಯನ್ನು ಸುಮಾರು 25 ಸಾವಿರ ಡಾಲರ್‌ನಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದರು. ಮುಂದೆ ಅವರೇ 'ಮಿಲ್ಕ್' ಎಂಬ ದೊಡ್ಡ ಚಿತ್ರ ಮಾಡಿದರು. ಬಿಲ್ ಶೆರ್‌ವುಡ್ ಅವರಿಗೆ ಆ 'ಮುಂದೆ' ಸಿಗಲಿಲ್ಲ. 1986ರಲ್ಲಿ, ಏಡ್ಸ್ ನ್ಯೂಯಾರ್ಕಿನ ಮನೆಮನೆಯನ್ನೂ ಖಾಲಿ ಮಾಡುತ್ತಿದ್ದ ಕಾಲದಲ್ಲಿ, 'ಪಾರ್ಟಿಂಗ್ ಗ್ಲಾನ್ಸಸ್' ಎಂಬ ಒಂದೇ ಒಂದು ಚಿತ್ರ ಮಾಡಿ, 1990ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಆ ಚಿತ್ರದಲ್ಲಿ ತಪ್ಪು ಹುಡುಕಲು ನನಗೆ ಮನಸ್ಸೇ ಬರುವುದಿಲ್ಲ.

ಇನ್ನೂ ಒಂದು ಮಾತಿದೆ. 1971ರಲ್ಲಿ ಪ್ರೇಮ್ ಕಪೂರ್ 'ಬದ್ನಾಮ್ ಬಸ್ತಿ' ಎಂಬ ಹಿಂದಿ ಚಿತ್ರ ಮಾಡಿದ್ದರು. ಇಬ್ಬರು ಗಂಡಸರ ನಡುವಿನ ಒಲವು ಅದರಲ್ಲಿತ್ತು. ಬಂತು, ಹೋಯಿತು, ಮರೆತುಹೋಯಿತು. ಅದರ ಪ್ರಿಂಟ್ ಮತ್ತೆ ಸಿಕ್ಕಿದ್ದು 2019ರಲ್ಲಿ, ಬರ್ಲಿನ್ನಿನ ಒಂದು ಸಂಗ್ರಹಾಗಾರದಲ್ಲಿ. ನಮ್ಮದೇ ಸಿನಿಮಾವನ್ನು ನಮಗಾಗಿ ಕಾದಿರಿಸಿದವರು ಜರ್ಮನಿಯವರು. ಕೈಬಿಟ್ಟ ಸಿನಿಮಾ ಎಷ್ಟು ಸುಲಭವಾಗಿ ಇಲ್ಲವಾಗುತ್ತದೆ ಎಂದು ನೆನೆದಾಗಲೆಲ್ಲ ನನಗೆ ಅಂಜಿಕೆಯಾಗುತ್ತದೆ.

ಎಲ್ಲವನ್ನೂ ಹೊಗಳಿ ಎಂದು ನಾನು ಕೇಳುತ್ತಿಲ್ಲ. ಅಪ್ಪನನ್ನು ಬರೀ ರಾಕ್ಷಸನಾಗಿ ಬರೆದಿದ್ದರೆ ಅದು ಬರೆದವನ ತಪ್ಪು, ಅದನ್ನು ಹೇಳಿ. ಆದರೆ ಮೈಕಿಗೆ ಬಡಿದ ಗಾಳಿಯನ್ನು ಮನ್ನಿಸಿ. ಆ ಹುಡುಗ ಚೀಲ ಹೊತ್ತು ನಿಂತ ರೀತಿಯನ್ನು ನೋಡಿ.

ವಿರೋಧ: ಬೇಡ, ದಯವಿಟ್ಟು ಬೇಡ

ಮೈಕಿಗೆ ಬಡಿದ ಗಾಳಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ನನ್ನ ಕಸುಬು. ಹತ್ತು ವರ್ಷಗಳಿಂದ ಕಿರುಚಿತ್ರಗಳಿಗೆ ಧ್ವನಿಮುದ್ರಣ ಮಾಡುತ್ತಿದ್ದೇನೆ. ನಾನೂ ಗೇ. ಇಂಥ ಚಿತ್ರಗಳಿಗೆ ಎಷ್ಟೋ ಸಲ ದುಡ್ಡು ತೆಗೆದುಕೊಳ್ಳದೆ ಬೂಮ್, ಅಂದರೆ ಉದ್ದ ಕೋಲಿನ ತುದಿಯ ಮೈಕು, ಹಿಡಿದು ನಿಂತಿದ್ದೇನೆ. ಮೈಕಿಗೆ ತೊಡಿಸುವ ತುಪ್ಪಳದಂಥ ಗವುಸಿಗೆ ಹೆಚ್ಚು ಬೆಲೆಯಿಲ್ಲ. ಅದೂ ಇಲ್ಲವೆಂದರೆ ನಟರನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಬಹುದು. ಅದೂ ಆಗದಿದ್ದರೆ ಶಾಟ್ ಮುಗಿದ ಕೂಡಲೇ ಅವರನ್ನು ಕಾರಿನೊಳಗೆ ಕೂರಿಸಿ, ಗಾಜು ಏರಿಸಿ, ಅದೇ ಮಾತುಗಳನ್ನು ಇನ್ನೊಮ್ಮೆ ಹೇಳಿಸಿ ಮುದ್ರಿಸಿಕೊಳ್ಳಬಹುದು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವನ್ನು ಕೇಳಿದಾಗ ಒಬ್ಬ ನಿರ್ದೇಶಕರು ನನಗೆ ಹೇಳಿದ ಮಾತು ಇಂದಿಗೂ ಚುಚ್ಚುತ್ತದೆ: "ಬಿಡಿ, ನಮ್ಮವರು ಹೇಗಿದ್ದರೂ ನೋಡುತ್ತಾರೆ."

ರಿಯಾಯಿತಿಯ ಫಲ ಇದು. ಹೊದಿಕೆಯೊಳಗೆ ಒಂದೇ ದೃಶ್ಯವನ್ನು ನಾಲ್ಕು ಸಲ ನೋಡಿದ ಆ ಹುಡುಗನ ಹಸಿವು ನನಗೂ ಗೊತ್ತು, ನಾನೂ ಅದೇ ಹೊದಿಕೆಯೊಳಗೆ ಇದ್ದವನು. ಆ ಹಸಿವಿನ ಭರವಸೆಯ ಮೇಲೆ ಅರೆಬೆಂದದ್ದನ್ನು ಬಡಿಸುವವರ ಮೇಲೆ ನನಗೆ ಸಿಟ್ಟಿದೆ.

2011ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ಹೇಗ್ 'ವೀಕೆಂಡ್' ಮಾಡಿದರು. ವೆಚ್ಚ ಸುಮಾರು 1 ಲಕ್ಷ 20 ಸಾವಿರ ಪೌಂಡ್, ಅಲ್ಲಿನ ಲೆಕ್ಕಕ್ಕೆ ಚಿಲ್ಲರೆ ಕಾಸು. ನಾಟಿಂಗ್‌ಹ್ಯಾಮಿನ ಒಂದು ಬಹುಮಹಡಿ ವಸತಿಯ ಪುಟ್ಟ ಮನೆ, ಇಬ್ಬರು ಗಂಡಸರು, ಶುಕ್ರವಾರ ರಾತ್ರಿಯಿಂದ ಭಾನುವಾರದವರೆಗಿನ ಕಾಲ. ದೃಶ್ಯಗಳನ್ನು ಕಥೆಯಲ್ಲಿ ಬರುವ ಕ್ರಮದಲ್ಲೇ ಚಿತ್ರಿಸಿದರು. ನಟರ ಪರಿಚಯ ಬೆಳೆದ ಹಾಗೆ ಪಾತ್ರಗಳ ಸಲುಗೆಯೂ ಬೆಳೆಯುವುದು ಅದರಿಂದ ಕಾಣುತ್ತದೆ. ಆ ಇಬ್ಬರಲ್ಲಿ ಗ್ಲೆನ್ ಎಂಬವನು ಕಲಾಕೃತಿಯೊಂದಕ್ಕಾಗಿ ತನ್ನ ಜೊತೆ ರಾತ್ರಿ ಕಳೆದವರ ಮಾತುಗಳನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುತ್ತಾನೆ. ಅದನ್ನು ಯಾರೂ ನೋಡಲು ಬರುವುದಿಲ್ಲ ಎನ್ನುವುದು ಅವನ ಎಣಿಕೆ. ಗೇ ಜನ ಬಂದರೆ ಮೈ ನೋಡಲು ಬರುತ್ತಾರೆ, ಅದಿಲ್ಲದೆ ನಿರಾಶರಾಗುತ್ತಾರೆ. ಉಳಿದವರು ಇದು ತಮ್ಮ ಲೋಕದ್ದಲ್ಲ ಎಂದು ಬರುವುದೇ ಇಲ್ಲ. ಈ ಸಿನಿಮಾಗಳ ನೋಡುಗರ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಅದನ್ನು ಹೇಳಿದ್ದು ಅಂಥದ್ದೇ ಸಿನಿಮಾ ಎಂಬುದು ನನಗೆ ಹೆಮ್ಮೆ.

ಅದೇ ಚಿತ್ರದ ಇನ್ನೊಂದು ದೃಶ್ಯ. ಇಬ್ಬರಲ್ಲಿ ಇನ್ನೊಬ್ಬನಾದ ರಸೆಲ್ ತಂದೆತಾಯಿಯಿಲ್ಲದೆ ಬೆಳೆದವನು. ತಾನು ಗೇ ಎಂದು ಹೇಳಿಕೊಳ್ಳಲು ಅವನಿಗೆ ಅಪ್ಪನೇ ಇಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗ ಗ್ಲೆನ್, ನಾನೇ ನಿನ್ನಪ್ಪ ಎಂದುಕೊಂಡು ಹೇಳು ಎನ್ನುತ್ತಾನೆ. ರಸೆಲ್ ಹೇಳುತ್ತಾನೆ. ಒಂದು ದಿನದ ಪರಿಚಯದ ಆ ಗಂಡಸು ಅಪ್ಪನಾಗಿ, ಇದರಿಂದ ನನ್ನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿಲ್ಲ, ನೀನು ಚಂದ್ರನ ಮೇಲೆ ಮೊದಲು ಕಾಲಿಟ್ಟವನಾಗಿದ್ದರೂ ಇದಕ್ಕಿಂತ ಹೆಚ್ಚು ಹೆಮ್ಮೆ ಪಡುತ್ತಿರಲಿಲ್ಲ ಎನ್ನುತ್ತಾನೆ. ಒಂದು ಹಾಸಿಗೆ, ಎರಡು ಮುಖ, ಕಿಟಕಿಯ ಬೆಳಕು. ಇದಕ್ಕೆ ದುಡ್ಡು ಎಲ್ಲಿ ಬೇಕಾಯಿತು? ಬರೆಯುವಾಗ ಬೇಕಾದದ್ದು ತಾಳ್ಮೆ, ತನ್ನವರನ್ನು ಹತ್ತಿರದಿಂದ ನೋಡಿದ ಕಣ್ಣು. ಅದಿಲ್ಲದಿದ್ದಾಗ ಬಜೆಟ್ಟಿನ ಹೆಸರು ಹೇಳುವುದನ್ನು ನಾನು ಒಪ್ಪಲಾರೆ.

ಫ್ರಾನ್ಸಿಸ್ ಲೀ ಅವರ 'ಗಾಡ್ಸ್ ಓನ್ ಕಂಟ್ರಿ'ಯನ್ನೂ ನೆನೆಯಬೇಕು. 2017ರ ಚಿತ್ರ, ಇಂಗ್ಲೆಂಡಿನ ಯಾರ್ಕ್‌ಷೈರಿನ ಕುರಿ ಸಾಕುವ ಮನೆತನದ ಕಥೆ. ಲೀ ಅವರೂ ಅಲ್ಲಿಯ ಬೇಸಾಯದ ಮನೆಯಲ್ಲೇ ಬೆಳೆದವರು. ನಟರನ್ನು ಚಿತ್ರೀಕರಣಕ್ಕೆ ಮೊದಲೇ ಕುರಿ ಸಾಕುವವರ ಬಳಿಗೆ ಕಳಿಸಿ ಆ ಕೆಲಸ ಕಲಿಸಿದರು. ರುಮೇನಿಯಾದಿಂದ ಬಂದ ಕೂಲಿಯಾಳು ಸತ್ತ ಮರಿಯ ಚರ್ಮ ಸುಲಿದು, ಅದನ್ನು ಇನ್ನೊಂದು ಬಡಕಲು ಮರಿಗೆ ಅಂಗಿಯಂತೆ ತೊಡಿಸಿ ತಾಯಿಕುರಿಯ ಹತ್ತಿರ ಬಿಡುತ್ತಾನೆ. ತಾಯಿ ಮೂಸುತ್ತದೆ, ಮೊಲೆ ಕೊಡುತ್ತದೆ. ಒರಟನೆಂದು ಹೆಸರಾದ ಆ ಮನೆಯ ಮಗ ಸುಮ್ಮನೆ ನಿಂತು ಆ ಕೈಗಳನ್ನು ನೋಡುತ್ತಾನೆ. ಪ್ರೇಮ ಎಂಬ ಮಾತೇ ಅಲ್ಲಿಲ್ಲ. ಕುರಿ ಸಾಕಿದ ನಮ್ಮ ಚಿತ್ರದುರ್ಗದ ಕಡೆಯ ಅಜ್ಜನೊಬ್ಬ ನೋಡಿದರೂ ಆ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ದೂರದ ಉದಾಹರಣೆ ಸಾಕೆನ್ನುವವರಿಗೆ ಪಕ್ಕದ ಮಹಾರಾಷ್ಟ್ರವಿದೆ. ರೋಹನ್ ಪರಶುರಾಮ್ ಕಾನವಡೆ ಅವರ ಮರಾಠಿ ಚಿತ್ರ 'ಸಾಬರ್ ಬೊಂಡ' 2025ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದ ಮೊದಲ ಬಹುಮಾನ ಪಡೆಯಿತು. ಅಪ್ಪ ತೀರಿಕೊಂಡು ಮುಂಬೈಯಿಂದ ಹಳ್ಳಿಗೆ ಬಂದ ಆನಂದ್, ಹತ್ತು ದಿನದ ಸೂತಕ, ಮದುವೆ ಯಾವಾಗ ಎಂದು ಬಿಡದೆ ಕೇಳುವ ಬಂಧುಗಳು, ಮದುವೆಯ ಒತ್ತಾಯದಿಂದ ತಪ್ಪಿಸಿಕೊಳ್ಳುತ್ತಿರುವ ಬಾಲ್ಯದ ಗೆಳೆಯ ಬಾಳ್ಯಾ. ಹೆಸರಿನ ಅರ್ಥ ಪಾಪಾಸುಕಳ್ಳಿಯ ಹಣ್ಣು. ಮುಳ್ಳು ತೆಗೆದು ತಿನ್ನಬೇಕಾದ ಹಣ್ಣನ್ನು ಗೆಳೆಯನಿಗಾಗಿ ಹುಡುಕಿ ತರುವುದು ಎಂದರೇನೆಂದು ಬಯಲುಸೀಮೆಯಲ್ಲಿ ಬೆಳೆದ ಯಾರಿಗಾದರೂ ತಿಳಿಯುತ್ತದೆ. ಕ್ಯಾಮೆರಾ ಅಲುಗಾಡದೆ ನಿಂತಿದೆ, ಹಿನ್ನೆಲೆ ಸಂಗೀತದ ಊರುಗೋಲಿಲ್ಲ. ಸೂತಕದ ಮನೆಯ ಮೌನಕ್ಕೆ ಅದೇ ತಕ್ಕ ಭಾಷೆ.

ಪರವಾಗಿ ಬರೆದವರು 'ಸಂಸ್ಕಾರ'ವನ್ನು ಎತ್ತಿದ್ದಾರೆ. ಅದು ಲಕ್ಷದೊಳಗಿನ ಚಿತ್ರ ಎಂಬ ಕನಿಕರದಿಂದ ಯಾರು ಅದನ್ನು ನೋಡಿದರು? ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಗೆದ್ದದ್ದು ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನು. ಸಣ್ಣ ಚಿತ್ರಗಳಿಗೆಂದು ಬೇರೆ ಪಂಕ್ತಿ ಹಾಕಿ ಅದನ್ನು ಕೂರಿಸಲಿಲ್ಲ. ನಮ್ಮ ಪ್ರೇಮದ ಸಿನಿಮಾಗಳಿಗೂ ಬೇರೆ ಪಂಕ್ತಿ ಬೇಡ. ಊರಾಚೆ ಕೂರಿಸಿ ಬಡಿಸುವುದನ್ನು ನಮ್ಮ ಸಮಾಜ ಸಾಕಷ್ಟು ಮಾಡಿದೆ.

ಹಣದ ಬಾಗಿಲುಗಳು ಮುಚ್ಚಿದ್ದವು ಎಂಬುದು ಸತ್ಯ, ಈಗಲೂ ಬಹುಪಾಲು ಮುಚ್ಚಿವೆ. ಆ ಅನ್ಯಾಯದ ಬಗ್ಗೆ ನಿರ್ಮಾಪಕರನ್ನೂ ಸೆನ್ಸಾರ್ ಮಂಡಳಿಯನ್ನೂ ಕೇಳೋಣ, ಜೋರಾಗಿಯೇ ಕೇಳೋಣ. ಆದರೆ ಟಿಕೆಟ್ಟಿನ ದುಡ್ಡನ್ನೂ ಎರಡು ಗಂಟೆಯನ್ನೂ ಕೊಟ್ಟ ನೋಡುಗನಿಗೆ ತನಗನಿಸಿದ್ದನ್ನು ಹೇಳುವ ಹಕ್ಕಿದೆ. ಅಂಗಿ ಬಿಚ್ಚಿದ ಇಬ್ಬರು ಚೆಲುವರ ಪೋಸ್ಟರ್, ಪ್ರೇಮಕ್ಕೆ ಮೊದಲೇ ಮಂಚ, ಕೊನೆಗೆ ಒಬ್ಬನ ಸಾವು ಅಥವಾ ರೈಲು ನಿಲ್ದಾಣ: ಈ ಅಚ್ಚಿನಲ್ಲಿ ಎರಕ ಹೊಯ್ದ ಚಿತ್ರಗಳು ವರ್ಷವರ್ಷವೂ ಬರುತ್ತಿರುವುದು ನಾವು ಬಾಯಿ ಮುಚ್ಚಿಕೊಂಡಿರುವುದರಿಂದ. 'ವೀಕೆಂಡ್' ಕೂಡ ಹೆಚ್ಚುಕಡಿಮೆ ರೈಲು ನಿಲ್ದಾಣದಲ್ಲೇ ಮುಗಿಯುತ್ತದೆ ಎನ್ನಬಹುದು. ಅಲ್ಲಿ ಗ್ಲೆನ್ ಹೊರಡುವ ಮುನ್ನ ಆ ಟೇಪ್ ರೆಕಾರ್ಡರನ್ನು ರಸೆಲ್‌ನ ಕೈಗೆ ಕೊಟ್ಟು ಹೋಗುತ್ತಾನೆ. ಆ ಕೊಡುಗೆಯ ಹಿಂದೆ ಇಡೀ ಚಿತ್ರದ ಮಾತುಕತೆ ನಿಂತಿದೆ.

ಕಳೆದ ವರ್ಷ ಬೆಂಗಳೂರಿನಲ್ಲಿ ಒಂದು ಸಣ್ಣ ಪ್ರದರ್ಶನವಿತ್ತು. ಐವತ್ತು ಕುರ್ಚಿ, ಎಲ್ಲ ತುಂಬಿದ್ದವು. ಇಪ್ಪತ್ಮೂರು ವರ್ಷದ ಹುಡುಗನೊಬ್ಬ ಮಾಡಿದ ಚಿತ್ರ. ಮುಗಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ಅವನನ್ನು ಅಪ್ಪಿಕೊಂಡರು. ನಾನು ಸುಮ್ಮನೆ ಹೊರಗೆ ಬಂದು ಮೆಟ್ಟಿಲ ಬಳಿ ನಿಂತಿದ್ದೆ. ಅವನು ಹುಡುಕಿಕೊಂಡು ಬಂದು, "ಅಣ್ಣ, ನೀವು ಏನೂ ಹೇಳಲಿಲ್ಲ" ಎಂದ. ಹೇಳಿದೆ. ಚಹಾದಂಗಡಿಯ ದೃಶ್ಯದಲ್ಲಿ ಇಬ್ಬರೂ ಪುಸ್ತಕ ಓದಿದಂತೆ ಮಾತನಾಡುತ್ತಾರೆ. ಅಕ್ಕನ ಪಾತ್ರಕ್ಕೆ ಅಳುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಮಳೆಯ ಸದ್ದು ಕಂಪ್ಯೂಟರಿನಿಂದ ತಂದು ಹಚ್ಚಿದ್ದು, ಅದು ತಗಡಿನ ಮೇಲೆ ಬಿದ್ದ ಮಳೆ, ತೆರೆಯ ಮೇಲಿರುವುದು ಹೆಂಚಿನ ಮನೆ. ಅವನ ಮುಖ ಕೆಂಪಾಯಿತು. ನಂತರ ಜೇಬಿನಿಂದ ಒಂದು ಚಿಕ್ಕ ಪುಸ್ತಕ ತೆಗೆದು, ಮೆಟ್ಟಿಲ ಮೇಲೆ ಕೂತು, ಒಂದೊಂದನ್ನೇ ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡ. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ತನ್ನ ಬಜೆಟ್ ಎಷ್ಟಿತ್ತೆಂದು ಅವನು ಹೇಳಲಿಲ್ಲ. ಹೊರಡುವಾಗ ಕೇಳಿದ್ದು ಒಂದೇ ಪ್ರಶ್ನೆ: "ಹೆಂಚಿನ ಮೇಲಿನ ಮಳೆ ಯಾವ ತಿಂಗಳಲ್ಲಿ ಚೆನ್ನಾಗಿ ಸಿಗುತ್ತದೆ?"