ನನ್ನ ಟಾಸ್ಕ್‌ಬಾರ್ ಮೇಲೆ ಇವರ ಅಂಗಡಿ ಯಾಕೆ?

ಹೊಸ ವಿಂಡೋಸ್ ಕಂಪ್ಯೂಟರ್ ಆನ್ ಮಾಡಿದಾಗ ನನಗೆ ಮೊದಲು ಮೈ ಉರಿಯುವುದು ಟಾಸ್ಕ್‌ಬಾರ್ ನೋಡಿ, ಅಂದರೆ ಸ್ಕ್ರೀನಿನ ಕೆಳಗಿನ ಆ ಪಟ್ಟಿ ನೋಡಿ. ಇನ್ನೂ ಒಂದು ಫೈಲ್ ಸೇವ್ ಮಾಡಿರುವುದಿಲ್ಲ, ಆಗಲೇ ಕೆಳಗೆ ಐಕಾನ್‌ಗಳು ಸಾಲಾಗಿ ಬಂದು ಕೂತಿರುತ್ತವೆ. ವಿಂಡೋಸ್ ಮಾಡುವ ಮೈಕ್ರೋಸಾಫ್ಟ್‌ನವರದೇ ಬ್ರೌಸರ್, ಅವರದೇ ಆ್ಯಪ್ ಸ್ಟೋರ್, ಅವರದೇ ಮೇಲ್. ಯಾರೂ ಕೇಳದ ಹವಾಮಾನ. ಮೊದಲು ಒಂದು ಚಾಟ್ ಬಟನ್ ಕೂಡ ಇತ್ತು. ಈಗೀಗ ಎಐ ಬಟನ್ ಬೇರೆ. ನಾನು ದಿನಾ ಬಳಸುವ ಕ್ಯಾಲ್ಕುಲೇಟರ್, ನೋಟ್‌ಪ್ಯಾಡ್, ಸ್ಕ್ರೀನ್‌ಶಾಟ್ ತೆಗೆಯುವ ಟೂಲ್? ಅವನ್ನೆಲ್ಲ ಮೆನುವಿನೊಳಗೆ ಹುಡುಕಿಕೊಂಡು ಹೋಗಬೇಕು.

ಯಾರಿಗಾದರೂ ಹೇಳಿದರೆ ಒಂದೇ ಉತ್ತರ: "ಅಯ್ಯೋ, ರೈಟ್ ಕ್ಲಿಕ್ ಮಾಡಿ ಅನ್‌ಪಿನ್ ಕೊಟ್ಟರಾಯ್ತಲ್ಲ, ಅದಕ್ಕ್ಯಾಕೆ ಇಷ್ಟು ರಂಪ?" ಸರಿ ಸ್ವಾಮಿ, ಮಾಡೋಣ. ಮೊದಲ ಐಕಾನಿಗೆ ಅನ್‌ಪಿನ್, ಅಂದರೆ ಸಾಲಿನಿಂದ ಕಿತ್ತುಹಾಕುವ ಆಯ್ಕೆ, ಸಿಗುತ್ತದೆ. ಎರಡನೆಯದಕ್ಕೂ ಸಿಗುತ್ತದೆ. ಮೂರನೆಯದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆ ಆಯ್ಕೆಯೇ ಇಲ್ಲ. ಯಾಕೆಂದರೆ ಅದು ಪಿನ್ ಮಾಡಿದ ಐಕಾನ್ ಅಲ್ಲವಂತೆ, ಟಾಸ್ಕ್‌ಬಾರಿನದೇ ಭಾಗವಂತೆ. ಅದನ್ನು ಆಫ್ ಮಾಡುವ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಇದೆ. ನೋಡೋಕೆ ಎಲ್ಲವೂ ಒಂದೇ ಥರ, ಒಂದೇ ಸೈಜು, ಒಂದೇ ಸಾಲು. ತೆಗೆಯುವ ದಾರಿ ಮಾತ್ರ ಬೇರೆ ಬೇರೆ. ಇಷ್ಟೆಲ್ಲ ಮಾಡಿ ಕ್ಲೀನ್ ಮಾಡಿಟ್ಟುಕೊಂಡರೆ, ಒಂದು ದೊಡ್ಡ ಅಪ್‌ಡೇಟ್ ಬಂದ ಮೇಲೆ ಹೊಸ ಬಟನ್ ಒಂದು ಹಲ್ಲು ಕಿರಿಯುತ್ತಾ ಪ್ರತ್ಯಕ್ಷ.

ಆ ಹವಾಮಾನದ ಬಟನ್ ಇದೆಯಲ್ಲ, ಅದಕ್ಕೆ ಕ್ಲಿಕ್ ಕೂಡ ಬೇಡ. ಮೌಸ್ ಆ ಕಡೆ ಸ್ವಲ್ಪ ಸುಳಿದರೆ ಸಾಕು, ಅರ್ಧ ಸ್ಕ್ರೀನ್ ಮುಚ್ಚುವಂತೆ ಸುದ್ದಿಗಳ ಪ್ಯಾನೆಲ್ ಎದ್ದು ಬರುತ್ತದೆ. ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದ್ದಾಗ ಯಾವುದೋ ನಟಿಯ ಮದುವೆ ಸುದ್ದಿ ಎಲ್ಲರ ಮುಂದೆ ಅರಳಿ ನಿಂತಿತು. ನಾನು ಹೋಗುತ್ತಿದ್ದದ್ದು ಪಕ್ಕದ ಬಟನ್‌ಗೆ!

ಆದರೆ ನನ್ನ ಸಿಟ್ಟು ನನಗಾಗಿ ಅಷ್ಟೇ ಅಲ್ಲ. ನನಗೆ ತೆಗೆಯೋಕೆ ಬರುತ್ತದೆ, ತೆಗೆಯುತ್ತೇನೆ. ಬಾರದವರ ಪಾಡು ಕೇಳಿ. ನಮ್ಮ ಚಿಕ್ಕಪ್ಪನಿಗೆ ಅವರು ಬಳಸುವ ಬ್ರೌಸರ್ ಹಾಕಿ, ಬುಕ್‌ಮಾರ್ಕ್ ಎಲ್ಲ ಜೋಡಿಸಿ ಕೊಟ್ಟಿದ್ದೆ. ಐಕಾನ್ ಡೆಸ್ಕ್‌ಟಾಪ್ ಮೇಲಿತ್ತು. ಅವರು ಕ್ಲಿಕ್ ಮಾಡಿದ್ದು ಮಾತ್ರ ಕೆಳಗೆ ಮೊದಲಿಂದ ಕೂತಿದ್ದ ಇನ್ನೊಂದು ಬ್ರೌಸರ್. ಅಲ್ಲಿ ಬುಕ್‌ಮಾರ್ಕ್ ಇಲ್ಲ, ಪಾಸ್‌ವರ್ಡ್ ಇಲ್ಲ. ಗಾಬರಿಯಿಂದ ಫೋನ್ ಬಂತು: "ಲೋ, ನನ್ನದೆಲ್ಲಾ ಅಳಿಸಿ ಹೋಗಿದೆ ಕಣೋ, ಯಾರೋ ಹ್ಯಾಕ್ ಮಾಡಿದಾರೆ." ಏನೂ ಹೋಗಿಲ್ಲ, ಬೇರೆ ಬಾಗಿಲು ತೆಗೆದಿದ್ದೀರಿ ಅಷ್ಟೇ ಅಂತ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಇದರಲ್ಲಿ ಅವರದೇನು ತಪ್ಪು? ಯಾವಾಗಲೂ ಕಣ್ಣಿಗೆ ಬೀಳುವ ಜಾಗದಲ್ಲಿ ಏನಿದೆಯೋ ಅದನ್ನೇ ಜನ ಒತ್ತುತ್ತಾರೆ. ಬಟನ್ ಇಟ್ಟವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಇಟ್ಟಿರುವುದು.

ಇದು ಇವತ್ತಿನ ಕಥೆಯೂ ಅಲ್ಲ. 1995ರಲ್ಲಿ ವಿಂಡೋಸ್ 95 ಬಂದಾಗ ಟಾಸ್ಕ್‌ಬಾರ್‌ನಲ್ಲಿ ಇದ್ದದ್ದು ಸ್ಟಾರ್ಟ್ ಬಟನ್, ತೆರೆದಿರುವ ವಿಂಡೋಗಳು, ಮೂಲೆಯಲ್ಲಿ ಗಡಿಯಾರ. ಅಷ್ಟೇ. ಕ್ವಿಕ್ ಲಾಂಚ್ ಅನ್ನುವ ಶಾರ್ಟ್‌ಕಟ್‌ಗಳ ಸಾಲು ಆಮೇಲೆ ಬಂತು, 1997ರಲ್ಲಿ. ಯಾರ ಜೊತೆ? ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಅನ್ನುವ ಬ್ರೌಸರ್ ಜೊತೆ! ಅಂದರೆ ಈ ಸಾಲು ಹುಟ್ಟಿದ್ದೇ ಬ್ರೌಸರಿನ ಚೀಲದಲ್ಲಿ. ಇನ್ನೂ ಕೇಳಿ. ವಿಂಡೋಸ್ 7ರಲ್ಲಿ ಬ್ರೌಸರ್ ಐಕಾನ್ ಮೊದಲೇ ಪಿನ್ ಆಗಿ ಬರುತ್ತಿತ್ತು. ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಜೊತೆ ಒಪ್ಪಂದವಾದ ಮೇಲೆ, 2010ರಲ್ಲಿ ಅಲ್ಲಿನವರಿಗೆ ಬ್ರೌಸರ್ ಆರಿಸಿಕೊಳ್ಳುವ ಸ್ಕ್ರೀನ್ ಕೊಟ್ಟರು, ಜೊತೆಗೆ ಆ ಐಕಾನನ್ನು ಟಾಸ್ಕ್‌ಬಾರಿನಿಂದ ತಾವೇ ಅನ್‌ಪಿನ್ ಮಾಡಿದರು. ಒಂದು ಐಕಾನ್ ಕೆಳಗಿಳಿಯೋಕೆ ಅಷ್ಟು ದೊಡ್ಡ ಪಂಚಾಯಿತಿ ಬೇಕಾಯ್ತು. ಇನ್ನು ನಮ್ಮ ನಿಮ್ಮ ಮಾತು ಯಾವ ಲೆಕ್ಕ?

ಮನಸ್ಸು ಮಾಡಿದರೆ ಸರಿ ಮಾಡಬಹುದು. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ ಅನ್ನುವ ಡೆಸ್ಕ್‌ಟಾಪ್‌ಗಳಿವೆ, ಅಂದರೆ ಟಾಸ್ಕ್‌ಬಾರ್, ಮೆನು ಎಲ್ಲ ಒದಗಿಸುವ ಸಾಫ್ಟ್‌ವೇರ್‌ಗಳು. ಅಲ್ಲಿ ಡೀಫಾಲ್ಟ್ ಬ್ರೌಸರ್ ಬಟನ್‌ಗೆ ಯಾವ ಬ್ರೌಸರಿನ ಹೆಸರನ್ನೂ ಅಂಟಿಸಬೇಕಿಲ್ಲ. ನೀವು ಯಾವುದನ್ನು ನಿಮ್ಮದು ಅಂತ ಆರಿಸಿದ್ದೀರೋ ಅದೇ ತೆರೆಯುವಂತೆ ಇಡಬಹುದು. ಇದನ್ನು ಚಿಕ್ಕಪ್ಪನಿಗೆ ಮೊದಲೇ ಕೊಟ್ಟಿದ್ದರೆ ಆ ಫೋನೇ ಬರುತ್ತಿರಲಿಲ್ಲ. ಹಾಗಂತ ಅವರನ್ನೂ ಪೂರ್ತಿ ಹೊಗಳಲಾರೆ. ಪ್ಲಾಸ್ಮಾದಲ್ಲೂ ಸೆಟ್ಟಿಂಗ್ಸ್ ಮತ್ತು ಆ್ಯಪ್ ಸ್ಟೋರ್ ಬಟನ್‌ಗಳು ಮೊದಲೇ ಸಾಲಲ್ಲಿ ಕೂತಿರುತ್ತವೆ. ಹೊಸಬರಿಗೆ ಗೊತ್ತಾಗಲಿ ಅಂತ ಇರಬಹುದು. ಮೊದಲ ವಾರ ಸರಿ. ಆಮೇಲೆ ಸೆಟ್ಟಿಂಗ್ಸನ್ನು ದಿನಾ ಯಾರಪ್ಪ ತೆಗೆಯುತ್ತಾರೆ?

ನನ್ನನ್ನು ಕೇಳಿದರೆ ಎರಡೇ ಬಟನ್ ಸಾಕು. ಫೈಲ್ ಮ್ಯಾನೇಜರ್ ಒಂದು, ನಾನು ಆರಿಸಿದ ಬ್ರೌಸರ್ ಒಂದು. ಉಳಿದ ಜಾಗ ಖಾಲಿ ಬಿಡಿ. ನನ್ನ ಕೆಲಸಕ್ಕೆ ಏನು ಬೇಕೋ ನಾನು ಹಾಕಿಕೊಳ್ಳುತ್ತೇನೆ.

ಆದರೆ ಕೇಳುವವರು ಯಾರು? ಮೊದಲ ಸಲ ಸೆಟಪ್ ಮಾಡುವಾಗ ಇವರ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಯಾವ ದೇಶ, ಯಾವ ಕೀಬೋರ್ಡ್, ನಿಮ್ಮ ಲೊಕೇಶನ್ ಕೊಡುತ್ತೀರಾ, ನಿಮಗೆ ಹೊಂದುವ ಜಾಹೀರಾತು ತೋರಿಸಲಾ ಅಂತ ಒಂದಾದ ಮೇಲೊಂದು ಪುಟ. ಅದರ ನಡುವೆ "ಕೆಳಗೆ ಯಾವ ಬಟನ್ ಇರಲಿ?" ಅಂತ ಒಂದು ಪುಟ ಸೇರಿಸಿದರೆ ಇವರ ಗಂಟೇನು ಹೋಗುತ್ತದೆ? ಟಿಕ್ ಹಾಕೋಕೆ ನಾಲ್ಕು ಬಾಕ್ಸ್ ಕೊಡಿ, ಸಾಕು. ಜಾಹೀರಾತಿನ ಪುಟ ತೆಗೆದು ಅದೇ ಜಾಗದಲ್ಲಿ ಇಟ್ಟರೂ ನಾನೇನೂ ಬೇಡ ಅನ್ನುವುದಿಲ್ಲ.